ಒಂದು ಎಲೆಯ ಹೊತ್ತು

ಮುನವಳ್ಳಿ ಹತ್ತಿರದ ಸರಕಾರಿ ಮೀನುಮರಿ ಕೇಂದ್ರದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಮನೆಯಲ್ಲಿ ಯಾರಿಗೂ ಸಂತೋಷವಾಗಲಿಲ್ಲ. ನಮ್ಮದು ಲಿಂಗ ಕಟ್ಟಿದ ಮನೆ. ಸಂಜೆ ಬಂದರೆ ಅವ್ವ ಹಿತ್ತಲಲ್ಲೇ ತಡೆದು, “ಮೊದಲ ಜಳಕಾ, ಆಮ್ಯಾಲ ಒಳಗ” ಎನ್ನುತ್ತಿದ್ದಳು. ಆದರೆ ನೀರು ಸುರಿಯುತ್ತಲೇ, “ಮರಿ ಎಲ್ಲಾ ಆರಾಮ ಅದಾವೋ ಕಲ್ಮೇಶಾ?” ಎಂದು ಕೇಳದೆ ಬಿಡುತ್ತಿರಲಿಲ್ಲ.

ನನಗೆ ಕೆಲಸ ಕಲಿಸಿದವನು ಮುದಕಪ್ಪ. ನಾನು ಸಂಜೆ ಕಾಲೇಜಿನಲ್ಲಿ ಓದಿದವನು, ಪುಸ್ತಕ ನೋಡದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಅವನಿಗೆ ಗಡಿಯಾರವೂ ಬೇಡ. ಮರಿ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಬಾಯಿ ಕಟ್ಟಿದಂತೆಯೇ ಮಲಪ್ರಭೆಯ ಹಿನ್ನೀರಿನಲ್ಲಿ ತೇಲಿಬಿಟ್ಟು, ದಂಡೆಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಎಲಿ ಮುಗಿಯೂತನ ಗಂಟ ಬಿಚ್ಚಬ್ಯಾಡ. ಒಳಗಿನ ನೀರು, ಹೊರಗಿನ ನೀರು ಒಂದ ಆಗಬೇಕು. ಬಿಸಲಾಗಿಂದ ಬಂದಾವನ್ನ ತಣ್ಣನ ಬಾವ್ಯಾಗ ದೂಡಿದ್ರ ಎದಿ ಹಿಡಿಯೂದಿಲ್ಲೇನ?”

ಹಿಮದ ಬೆಟ್ಟಗಳ ಕಡೆ ಸರಕಾರವೇ ಟ್ರೌಟ್ ಎಂಬ ಮೀನು ಸಾಕಿ, ಗಾಳ ಹಾಕುವ ಹವ್ಯಾಸಿಗಳಿಗಾಗಿ ಹೊಳೆಗೆ ಬಿಡುತ್ತದೆ, ಅವರು ಹಿಡಿದು ಮತ್ತೆ ನೀರಿಗೇ ಬಿಡುತ್ತಾರೆಂದು ತರಬೇತಿಯಲ್ಲಿ ಕೇಳಿ ಬಂದು ಅವನಿಗೆ ಹೇಳಿದ್ದೆ.

“ಹಿಡದು ಮತ್ತ ಬಿಡತಾರ? ತಿನ್ನೂದಿಲ್ಲ?” ನಕ್ಕ. “ನೀ ಅಲ್ಲೇ ನೌಕರಿ ಮಾಡಬೇಕಿತ್ತ ನೋಡ, ಸ್ವಾಮಿ.”

ನಮ್ಮ ಬೆಚ್ಚನೆಯ ನೀರಿಗೆ ಟ್ರೌಟ್ ಒಗ್ಗದು. ನಾವು ಬಿಡುತ್ತಿದ್ದದ್ದು ಕಾಟ್ಲಾ.

ಒಮ್ಮೆ ಮುದಕಪ್ಪ ನೇಸರಗಿಗೆ ಮದುವೆಗೆ ಹೋಗಿದ್ದ. ಅಂದೇ ಮರಿ ಬಿಡುವುದಿತ್ತು; ದಂಡೆಯಲ್ಲಿ ಇಲಾಖೆಯ ಅತಿಥಿಗಳು ಫೋಟೋಕ್ಕೆ ಕಾಯುತ್ತಿದ್ದರು. ಹದಿನೈದು ನಿಮಿಷವೆಂದು ಪುಸ್ತಕದಲ್ಲಿತ್ತು, ಕೈಯಲ್ಲಿ ಗಡಿಯಾರವೂ ಇತ್ತು. ಆದರೂ ಮೂರನೆಯ ನಿಮಿಷಕ್ಕೆ ಚೀಲ ಕತ್ತರಿಸಿದೆ. ಮರುದಿನ ನೀರಿನ ಅಂಚಿನುದ್ದಕ್ಕೂ ಬೆರಳುದ್ದದ ಬಿಳಿ ಹೊಟ್ಟೆಗಳು. ಮೇಲಧಿಕಾರಿ ಬಂದಾಗ, “ನಾ ಕಲಿಸಿದ್ದ ತಪ್ಪರಿ ಸಾಹೇಬ್ರ” ಎಂದು ಮುದಕಪ್ಪನೇ ಮುಂದೆ ನಿಂತ. ಅವನನ್ನು ತೊಟ್ಟಿ ತೊಳೆಯುವ ಕೆಲಸಕ್ಕೆ ಹಾಕಿದರು. ನಾನು ಬಾಯಿ ಬಿಡಲಿಲ್ಲ.

ಈ ಆಗಸ್ಟಿನಲ್ಲಿ ಮತ್ತೆ ಮರಿ ಬಿತ್ತನೆ. ನಿವೃತ್ತಿಗೆ ಮೊದಲು ನನ್ನ ಕೊನೆಯದು. ಗಾಳದ ಕ್ಲಬ್ಬಿನವರು ಬೆಳಗಾವಿಯಿಂದ ಬಂದಿದ್ದರು. ಎಂದೋ ನಿವೃತ್ತನಾಗಿದ್ದ ಮುದಕಪ್ಪನನ್ನು ನಾನೇ ಬೈಕಿನಲ್ಲಿ ಕರೆತಂದು ಕಲ್ಲಿನ ಮೇಲೆ ಕೂರಿಸಿದ್ದೆ. ಲಾರಿ ತಡವಾಗಿ, ಸುಡುಬಿಸಿಲಿನಲ್ಲಿ ಬಂತು. ಚೀಲ ಮುಟ್ಟಿದರೆ ಬಿಸಿ.

“ಲಗೂ ಬಿಡಸ್ರಿ, ಅತಿಥಿಗಳು ನಿಂತಾರ” ಎಂದರು ಹೊಸ ಅಧಿಕಾರಿ ಐಶ್ವರ್ಯಾ ಮೇಡಂ. ಕ್ಲಬ್ಬಿನವರೊಬ್ಬರು ಕತ್ತರಿ ಹಿಡಿದು ನೀರಿಗೆ ಇಳಿದೂ ಆಗಿತ್ತು.

ಈ ಸಲವೂ ಸುಮ್ಮನಿದ್ದರೆ ನಾಳೆ ಅದೇ ಬಿಳಿ ಅಂಚು.

“ಕತ್ತರಿ ಹಾಕಬ್ಯಾಡ್ರಿ” ಎಂದೆ. ದನಿ ನಾನೆಂದುಕೊಂಡದ್ದಕ್ಕಿಂತ ಜೋರಾಗಿ ಬಂತು. “ಚೀಲ ತೇಲಲಿ. ಈಗ ಬಿಟ್ರ ಸಾಯ್ತಾವ.”

“ಎಷ್ಟೊತ್ತು?”

ನಾನು ಮುದಕಪ್ಪನ ಕಡೆ ನೋಡಿದೆ. ಅವನು ಆಗಲೇ ಎಲೆ ಮಡಚುತ್ತಿದ್ದ. “ಒಂದ್ ಎಲಿ ರೀ ಮೇಡಂ. ಆದ್ರ ಈಗ ಹಲ್ಲಿಲ್ಲ, ಅರ್ಧಾ ತಾಸ ಹಿಡೀತೈತಿ.”

ಮೇಡಂ ನಕ್ಕುಬಿಟ್ಟರು. ಅತಿಥಿಗಳು ಬೇವಿನ ನೆರಳಿಗೆ ಹೋದರು.

ನಾನು ಅವನ ಪಕ್ಕ ಕುಳಿತೆ. “ಮುದಕಪ್ಪಾ, ಅವತ್ತ ಮೂರ ನಿಮಿಷಕ್ಕ ಕತ್ತರಿಸಿದ್ದು ನಾನ. ಕಲತದ್ದ ಮರತಿರಲಿಲ್ಲ. ಅಂಜಿದ್ದೆ.”

“ನಾ ಕಲಿಸಿದ್ದು ನನಗ ಗೊತ್ತಿಲ್ಲೇನ?” ಅವನು ದವಡೆಯಲ್ಲೇ ಎಲೆ ಅರೆಯುತ್ತಿದ್ದ. “ಮೂವತ್ತ ವರ್ಸ ಬೇಕಾತೇನಲೇ, ಇಷ್ಟ ಹೇಳಾಕ?”

ಅವನು ಎಲೆ ಉಗುಳುವವರೆಗೂ ಕುಳಿತೇ ಇದ್ದೆ. ಆಮೇಲೆ ಪ್ಯಾಂಟು ಮಡಚಿ ನೀರಿಗಿಳಿದು, ಒಂದು ಗಂಟು ಬಿಚ್ಚಿ, ಒಂದು ಕೈ ಚೀಲದೊಳಗೆ, ಇನ್ನೊಂದು ಹೊಳೆಯೊಳಗೆ ಇಟ್ಟೆ. ಎರಡೂ ಕೈಗೆ ಒಂದೇ ನೀರು. ಚೀಲದ ಬಾಯಿ ಬಗ್ಗಿಸಿದೆ. ಮರಿಗಳು ಒಂದು ಕ್ಷಣ ನನ್ನ ಮಣಿಕಟ್ಟಿನ ಸುತ್ತ ನಿಂತು, ಆಮೇಲೆ ಹೋದವು.