ಅಡ್ಡಹೆಸರಿಲ್ಲದ ಸುಲಿವನ್

ವಂಶಕ್ಕೆ ತಾನೊಬ್ಬಳೇ ಉಳಿದಿದ್ದ ನೋರೀನ್, ಅಜ್ಜ ಹುಟ್ಟಿದ ಮನೆಯನ್ನು ಸಾಯುವ ಮುನ್ನ ಕಾಣಬೇಕೆಂದು ಅಮೆರಿಕದಿಂದ ಐರ್ಲೆಂಡಿನ ಅಲಿಹೀಸ್‌ಗೆ ಬಂದಳು.

“ಅಜ್ಜನ ಹೆಸರು ಜೆರೆಮಾಯ ಸುಲಿವನ್,” ಎಂದಳು.

ಸ್ಮಶಾನದಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕ ಮರ್ಟಿ ನಕ್ಕ. “ಇಲ್ಲಿ ಕಲ್ಲೆಸೆದ್ರೆ ಸುಲಿವನ್‌ಗೇ ಬೀಳತ್ತೆ ಕಣಮ್ಮ. ಮನೆತನದ ಅಡ್ಡಹೆಸರು ಹೇಳು, ಯಾವ ಮನೆ ಅಂತ ಗೊತ್ತಾಗೋದು ಅದ್ರಿಂದ್ಲೇ.”

“ಅಮೆರಿಕದಲ್ಲಿ ಗಣಿ ಕೆಲಸಕ್ಕೆ ಸೇರ್ದಾಗ ಎಲ್ರೂ ನಗ್ತಾರೆ ಅಂತ ಅಜ್ಜ ಅದನ್ನ ಬಿಟ್ಬಿಟ್ರಂತೆ. ಮಕ್ಕಳಿಗೂ ಹೇಳ್ಲಿಲ್ಲ.”

ಮರ್ಟಿಯ ನಗು ಆರಿತು. “ಹಂಗಾದ್ರೆ ದೇವರೇ ಬಂದ್ರೂ ಮನೆ ತೋರ್ಸಕ್ಕಾಗಲ್ಲ. ನಾನೂ ಸುಲಿವನ್ನೇ. ನಮ್ಮನೆಯಿಂದ ಒಬ್ಬ ಜೆರೆಮಾಯ ಅಮೆರಿಕಕ್ಕೆ ಹೋದ, ಪಕ್ಕದ್ಮನೆಯಿಂದ ಇಬ್ರು.”

ನೋರೀನ್ ಅವನ ಮುಖದಲ್ಲಿ ಅಜ್ಜನ ಹೋಲಿಕೆಯನ್ನು ಹುಡುಕಿದಳು. ಕಡಲಗಾಳಿಗೆ ಕೆಂಪೇರಿದ ಆ ಮುಖ ಊರಿನ ಎಲ್ಲರ ಮುಖದಂತೆಯೇ ಇತ್ತು. ಅಜ್ಜನ ಹಿರಿಯರ ಗೋರಿಗೆಂದು ತಂದಿದ್ದ ಹೂವನ್ನು ಯಾವ ಗೋರಿಯ ಮೇಲೂ ಇಡಲಾರದೆ ಅವನ ಕೈಗಿತ್ತು ಹೊರಟಳು.