ಬೋರ್ಡಿನ ಬೆನ್ನು

“ಹಿಂದ್ಗಡೆನೂ ಬರೀಬೇಕು ಕನಪ್ಪ. ಮುಂದ್ಗಡೆ ಏನ್ ಬರ್ದಿದ್ದೀಯೋ ಅದ್ನೇ,” ಎಂದು ಗೋವಿಂದಮ್ಮ ನುಗ್ಗೆಕಾಯಿಯ ಕಟ್ಟನ್ನು ಬಣ್ಣದ ಡಬ್ಬಗಳ ನಡುವೆ ಇಟ್ಟಳು.

ತಿ. ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ, ಎಸ್‌ಟಿಡಿ ಬೂತಿಗೆ ಅಂಟಿಕೊಂಡ ಅಂಗಡಿಯಲ್ಲಿ ಬೋರ್ಡು ಬರೆಯುವ ಪ್ರೇಮ್‌ಕುಮಾರ್ ಕುಂಚ ಹಿಡಿದಂತೆಯೇ ಕೂತುಬಿಟ್ಟ. ಅವಳ ಊರಿನ ಮಾರಮ್ಮನ ಗುಡಿಯ ಮುಂದೆ ನೆಟ್ಟಿದ್ದ ‘ಪ್ರಾಣಿಬಲಿ ನಿಷೇಧಿಸಲಾಗಿದೆ’ ಎಂಬ ಸರ್ಕಾರಿ ಬೋರ್ಡನ್ನು ಬರೆದವನು ಅವನೇ.

“ಹಿಂದ್ಗಡೆ ಯಾರಮ್ಮ ಓದ್ತಾರೆ?”

“ಹಿಂದ್ಗಡೆಯೇ ಅಲ್ವಾ ಕಡಿಯೋದು!”

ವಿಷಯ ಹೀಗಿತ್ತು. ಬೋರ್ಡು ರಸ್ತೆಗೆ ಮುಖ ಮಾಡಿ ನಿಂತಿತ್ತು. ಅದರ ಮುಂದೆ ಕಡಿಯಬಾರದು, ಬೆನ್ನ ಹಿಂದೆ ಕಡಿದರೆ ಅಡ್ಡಿಯಿಲ್ಲ ಎಂದು ಊರಿನ ಯಜಮಾನ ಚಾಮಯ್ಯ ತೀರ್ಪು ಕೊಟ್ಟಿದ್ದ. ಊರಿಗೆ ಅದು ಬಹಳ ನ್ಯಾಯವಾಗಿ ಕಂಡಿತ್ತು. ಹಬ್ಬದ ದಿನ ಬರುತ್ತಿದ್ದ ಪೊಲೀಸಿನವನೂ ಬೋರ್ಡಿನ ಮುಂದೆಯೇ ನಿಂತು, ಒಂದು ಲೋಟ ಕಾಫಿ ಕುಡಿದು, ಕಾನೂನು ಕ್ಷೇಮವಾಗಿದೆಯೆಂದು ಹೊರಟುಹೋಗುತ್ತಿದ್ದ.

ಗೋವಿಂದಮ್ಮನ ಮಗ ಗುರುವಿಗೆ ಕಾಮಾಲೆಯಾದಾಗ ಅವಳು ಮಾರಮ್ಮನಿಗೆ ಟಗರು ಹರಸಿಕೊಂಡಿದ್ದಳು. ಗುರು ಚೇತರಿಸಿಕೊಂಡ, ಹರಕೆಯ ಮರಿಯೂ ಬೆಳೆಯಿತು. ಎಡವಟ್ಟಾದದ್ದು ಬೆಳೆಸುವಾಗ. ಅದಕ್ಕೆ ಗುಂಡ ಎಂದು ಹೆಸರಿಟ್ಟಳು. ತನ್ನ ಪಾಲಿನ ಮುದ್ದೆಯಲ್ಲಿ ಚೂರು ಮುರಿದು ತಿನ್ನಿಸಿದಳು. ಸೊಸೆಯ ಮೇಲಿನ ದೂರನ್ನೆಲ್ಲ ಅದರ ಕಿವಿಗೆ ಹಾಕಿದಳು. ಈಗ ಬರುವ ಮಂಗಳವಾರ ಹರಕೆ ತೀರಿಸಬೇಕು. ಹೆಡತಲೆ ಊರಿನ ಬೀಗರಿಗೂ ಗುರು ಹೇಳಿಬಂದಿದ್ದ.

“ಕಡಿಯೋದು ಬೇಡ ಅಂತ ನೀವೇ ಹೇಳ್ಬಿಡಿ, ಮುಗೀತು,” ಎಂದ ಪ್ರೇಮ್‌ಕುಮಾರ್.

“ನಾನ್ ಬ್ಯಾಡ ಅಂದ್ರೆ ತಾಯಿ ನನ್ ಮ್ಯಾಲೆ ಮುನಿಸ್ಕತಾಳೆ ಕನಪ್ಪ. ಸರ್ಕಾರ ಬ್ಯಾಡ ಅಂದ್ರೆ? ಸರ್ಕಾರದ್ ಮ್ಯಾಲೆ ಮುನಿಸ್ಕಳ್ಳಿ. ಅದ್ಕೇನು, ತಡ್ಕತದೆ.”

ಪ್ರೇಮ್‌ಕುಮಾರ್‌ಗೆ ನಗು ತಡೆಯಲಾಗಲಿಲ್ಲ. ಆರ್ಡರಿಲ್ಲದೆ ಸರ್ಕಾರಿ ಬೋರ್ಡನ್ನು ಮುಟ್ಟುವಂತಿಲ್ಲ ಎಂದು ಗೊಣಗಿದ. ಆದರೆ ನುಗ್ಗೆಕಾಯಿ ವಾಪಸು ಕೊಡಲಿಲ್ಲ.

ಮಂಗಳವಾರ ಬೆಳಿಗ್ಗೆ ಬೇವಿನ ಸೊಪ್ಪಿನ ಹಾರ ಹಾಕಿ, ತಮಟೆ ಬಡಿಸಿಕೊಂಡು ಗುಂಡನನ್ನು ಗುಡಿಗೆ ಕರೆತಂದರು. ಹಗ್ಗ ಹಿಡಿದಿದ್ದ ಗೋವಿಂದಮ್ಮ ಕತ್ತು ಚಾಚಿ ಬೋರ್ಡಿನ ಕಡೆಯೇ ನೋಡುತ್ತಿದ್ದಳು. ಬೋರ್ಡು ಬರೆಯುವ ಹುಡುಗ ಬಂದುಹೋದನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಮುಂದೆ ಹೋಗುತ್ತಿದ್ದ ಚಾಮಯ್ಯ ಬೋರ್ಡನ್ನು ಬಳಸಿ ಹಿಂದಕ್ಕೆ ಹೋದವನು ಗಕ್ಕನೆ ನಿಂತ.

“ನೆನ್ನೆಗಂಟ ಇರ್ನಿಲ್ವಲ್ಲ ಇದು!” ಎಂದ ಗುರು.

ಚಾಮಯ್ಯ ಅಕ್ಷರ ಮುಟ್ಟಿ ನೋಡಿದ. ಬೆರಳು ಕೆಂಪಾಯಿತು. “ಸರ್ಕಾರಕ್ಕೆ ಬುದ್ಧಿ ಬಂದ್ಬುಡ್ತು ಕನ್ಲಾ,” ಎಂದ, ಮುಖ ಸಪ್ಪಗೆ ಮಾಡಿಕೊಂಡು.

“ಪಕ್ಕದಲ್ಲಿ ಏನೂ ಬರ್ದಿಲ್ಲ,” ಎಂದರು ಬೀಗರು ಆಸೆಯಿಂದ. ಪಕ್ಕ ಎಂದರೆ ತಗಡಿನ ಅಂಚು. ಅದರ ನೇರಕ್ಕೆ ಒಂದು ಕೋಳಿ ನಿಲ್ಲಿಸುವುದೂ ಕಷ್ಟವಿತ್ತು.

ಎಲ್ಲರೂ ಪೂಜಾರಿ ಕರಿಯಯ್ಯನ ಮುಖ ನೋಡಿದರು. ಕರಿಯಯ್ಯ ಬೋರ್ಡು ನೋಡಿದ. ಆಮೇಲೆ ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದ ಗೋವಿಂದಮ್ಮನನ್ನು ಕೊಂಚ ಹೊತ್ತು ನೋಡಿದ.

“ಬರ್ದಿರೋದ ಮೀರಕಾಯ್ತದಾ? ಅರಿಶಿನ ಕುಂಕುಮ ಇಕ್ಕಿ ತಾಯಿ ಎಸ್ರಲ್ಲಿ ಬುಟ್ಬುಡವ್ವ. ತಾಯಿ ಒಪ್ಕತಾಳೆ. ಆದ್ರೆ ಇನ್ಮೇಕೆ ಇದು ಅವಳ್ದು, ಯಾರೂ ಕಟ್ಟಾಕಂಗಿಲ್ಲ.”

ಗೋವಿಂದಮ್ಮನಿಗೆ ಅಳು ಬಂದುಬಿಟ್ಟಿತು. ಉಳಿಯಿತಲ್ಲ ಎಂಬ ಸಂತೋಷ ಒಂದು ಕಡೆ, ಇನ್ನು ತನ್ನದಲ್ಲವಲ್ಲ ಎಂಬ ಸಂಕಟ ಇನ್ನೊಂದು ಕಡೆ. ಗಂಟು ಬಿಚ್ಚಿ, “ಓಗು ಮಗ,” ಎಂದು ಬೆನ್ನು ತಟ್ಟಿದಳು. ಗುಂಡ ನಿಂತಲ್ಲೇ ನಿಂತು, ಕೊರಳಿನ ಬೇವಿನ ಸೊಪ್ಪನ್ನು ಎಳೆದು ಮೇಯತೊಡಗಿತು.

ಅರೆದಿಟ್ಟ ಮಸಾಲೆಯನ್ನು ಅವರೆಕಾಳಿಗೆ ಹಾಕುವುದೆಂದು ತೀರ್ಮಾನವಾಯಿತು. ಬೀಗರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಗೋವಿಂದಮ್ಮ ಬರಿಯ ಹಗ್ಗ ಹಿಡಿದು ಮನೆಯ ದಾರಿ ಹಿಡಿದಳು.

ಅರ್ಧ ದಾರಿಯಲ್ಲಿ ಹಿಂದೆ ಗೊರಸಿನ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಕರೆದಂತಾದೀತೆಂದು ಅವಳು ತಿರುಗಲಿಲ್ಲ, ನಡಿಗೆಯನ್ನು ಮಾತ್ರ ನಿಧಾನ ಮಾಡಿದಳು. ಬೀದಿಯ ತಿರುವಿನಲ್ಲಿ ಗುಂಡ ಅವಳನ್ನು ದಾಟಿಕೊಂಡು ಮುಂದೆ ಹೋಗಿ, ಅವಳ ಮನೆಯ ತೆರೆದಿದ್ದ ಬಾಗಿಲೊಳಕ್ಕೆ ತಲೆ ಹಾಕಿತು.