ಲಗ್ನಪತ್ರಿಕೆಯಲ್ಲಿ ದೀವಟಿಗೆ

ಇದನ್ನು ಹೇಳುವಷ್ಟು ಓದು ನನಗಿಲ್ಲ. ತಿಳಿದವರು ಕ್ಷಮಿಸಬೇಕು. ಹಗಲು ಕೆಲಸ ಮಾಡುತ್ತ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು ನಾನು. ಶಿಕಾರಿಪುರದ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಲಗ್ನಪತ್ರಿಕೆ ಜೋಡಿಸುತ್ತೇನೆ. ಕಾಗುಣಿತ ತಿದ್ದುತ್ತೇನೆಂದು ಗಿರಾಕಿಗಳು ಮೇಷ್ಟ್ರೇ ಎಂದು ಕರೆಯುತ್ತಾರೆ. ಹಾಗೆ ಕರೆದಾಗೆಲ್ಲ ಒಳಗೇ ಸಣ್ಣ ಅಂಜಿಕೆ, ಯಾರಾದರೂ ಪರೀಕ್ಷೆ ಮಾಡಿಯಾರೆಂದು. ಆ ದಿನ ಹಾಗೇ ಆಯಿತು.

ಫೆಬ್ರವರಿಯ ಒಂದು ಮಧ್ಯಾಹ್ನ ಎರಡೂ ಕಡೆಯ ಬೀಗರು ಒಟ್ಟಿಗೇ ಕರಡು ನೋಡಲು ಬಂದರು. ಗಂಡಿನ ತಂದೆ ಪರಮಶಿವಪ್ಪನವರಿಗೆ ಸೊರಬದಲ್ಲಿ ಹಾರ್ಡ್‌ವೇರ್ ಅಂಗಡಿ. ಅವರ ಜೊತೆ ಹಿರಿಯ ಮಗ ಗುರುಪ್ರಕಾಶ್. ಮದುವೆಯಾಗುವ ಕಿರಿಯ ಮಗ ಸಿದ್ಧಲಿಂಗೇಶ್ ಅಂಗಡಿ ನೋಡಿಕೊಂಡು ಸೊರಬದಲ್ಲೇ ಉಳಿದಿದ್ದ. ಹೆಣ್ಣಿನ ಕಡೆಯಿಂದ ತೊಗರ್ಸಿಯ ಉಜ್ಜಪ್ಪ ಮತ್ತು ಮಗಳು ಪವಿತ್ರ. ಅವಳು ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಒಪ್ಪಿಗೆ ಶಾಸ್ತ್ರ ಮುಗಿದಿತ್ತು; ಉಳಿದಿದ್ದು ಪತ್ರಿಕೆ, ಜವಳಿ, ಛತ್ರ.

ಉಜ್ಜಪ್ಪ ಕೂತವರೇ ಕೈಚೀಲದಿಂದ ವೀಳ್ಯದೆಲೆ ತೆಗೆದು, ತೊಡೆಗೆ ಒರೆಸಿ, ಸುಣ್ಣ ಸವರಿ, ಅಡಿಕೆ ಹೋಳಿಟ್ಟು ಬೀಗರ ಕೈಗೆ ಕೊಟ್ಟರು. ಪರಮಶಿವಪ್ಪ ನಗುತ್ತ ಬಾಯಿಗೆ ಹಾಕಿಕೊಂಡರು.

ಪರದೆಯ ಮೇಲಿನ ಹೆಸರನ್ನು ಗುರುಪ್ರಕಾಶ್ ಗಟ್ಟಿಯಾಗಿ ಓದಿದ. "ಇದೆಂತದು ಮಾರಾಯ್ರೆ, ದೀವಟಿಗೆ ಉಜ್ಜಪ್ಪ? ಈಗ ಎಲ್ರೂ ಬ್ಯಾಟ್ರಿ ಅಂತಾರೆ. ಬ್ಯಾಟ್ರಿ ಉಜ್ಜಪ್ಪ ಅಂತ ಹಾಕಿಸಿಬಿಡಿ."

ಎಲ್ಲರೂ ನಕ್ಕರು, ಉಜ್ಜಪ್ಪನೂ. ಅದು ತಮ್ಮ ಮನೆತನದ ಹೆಸರೆಂದೂ, ಪಲ್ಲಕ್ಕಿಯ ಮುಂದೆ ದೀವಟಿಗೆ ಹಿಡಿಯುವ ಕೆಲಸ ತಾತನ ಕಾಲದಿಂದ ಬಂದದ್ದೆಂದೂ ಹೇಳಿದರು. ಪರಮಶಿವಪ್ಪ ನನ್ನ ಕಡೆ ತಿರುಗಿ, ಓದಿದವರು ನೀವು, ಅದರ ಅರ್ಥವೇನು ಎಂದು ಕೇಳಿದರು.

ನಿಘಂಟಿನಲ್ಲಿ ನೋಡಿದ್ದಷ್ಟನ್ನೇ ಹೇಳಿದೆ. ದೀಪವರ್ತಿಕೆ, ಅಂದರೆ ದೀಪದ ಬತ್ತಿ, ಎಂಬ ಸಂಸ್ಕೃತದ ಮಾತು ಬಾಯಿಂದ ಬಾಯಿಗೆ ಸವೆದು ದೀವಟಿಗೆ ಆಗಿರಬೇಕು. ದೀವಿಗೆಯೂ ಅದೇ ಬಳಗದ್ದು. ಹಿಲಾಲು ಅಂತಲೂ ಅನ್ನುತ್ತಾರೆ, ಅದು ಅರಬ್ಬಿಯಲ್ಲಿ ಎಳೆಯ ಚಂದ್ರ. ಪಂಜು ಎಲ್ಲಿಂದ ಬಂತೋ ನನಗೆ ಖಚಿತವಿಲ್ಲ.

ಸಂಸ್ಕೃತ ಅಂದದ್ದು ಪರಮಶಿವಪ್ಪನವರಿಗೆ ಹಿಡಿಸಿತು. ಇರಲಿ ಬಿಡಿ, ತೂಕದ ಹೆಸರೇ, ಎಂದರು. ನನ್ನ ಮಾತಿಂದ ಒಬ್ಬರ ಮರ್ಯಾದೆ ಉಳಿಯಿತೆಂದು ನಾನು ಒಳಗೊಳಗೇ ಬೀಗಿದೆ. ಉಜ್ಜಪ್ಪನಿಗೂ ಹುರುಪು ಬಂತು.

"ದೇವ್ರಿಗೊಂದೇ ಅಲ್ರೀ. ಹೊತ್ತು ಮುಳುಗಿದ ಮ್ಯಾಲೆ ಹೆಣ ಹೊಂಟ್ರೆ ಅದ್ರ ಮುಂದೂ ನಾವೇ. ಕೋಲು ಅದೇ, ಎಣ್ಣೆ ಅದೇ."

ಸತ್ತವರ ಹಳೆಯ ಪಂಚೆಯನ್ನೋ ಸೀರೆಯನ್ನೋ ಹರಿದು, ಹುರಿ ಮಾಡಿ ಕೋಲಿಗೆ ಸುತ್ತುತ್ತಾರಂತೆ. ಹಿಡಿದವನು ಹಿಂದೆ ತಿರುಗಿ ನೋಡಬಾರದು. ಮಣ್ಣಾದ ಮೇಲೆ ಸಾವಿನ ಮನೆ ಹೊಕ್ಕದೆ ನೆಟ್ಟಗೆ ತನ್ನ ಮನೆಗೆ ಹೋಗಬೇಕು.

ಪರಮಶಿವಪ್ಪನವರ ದವಡೆ ನಿಂತಿತು. ಎದ್ದು ಬಾಗಿಲಿಗೆ ಹೋಗಿ ಮೋರಿಗೆ ಉಗಿದರು. ನಮ್ಮ ಕುಡಿಯುವ ನೀರಿನ ಕೊಡದಿಂದ ಚೊಂಬು ಮೊಗೆದು ಬಾಯಿ ಮುಕ್ಕಳಿಸಿದರು. ಒಮ್ಮೆ ಸಾಲದೆಂದು ಮತ್ತೆ. ನಾಲಿಗೆಯನ್ನು ಬೆರಳಿಂದ ಉಜ್ಜಿ, ಬೆರಳನ್ನು ಮೂಸಿ, ಸೆಂಟು ಹಾಕಿದ ಕರವಸ್ತ್ರದಲ್ಲಿ ಒರೆಸಿಕೊಂಡರು. ಎಲೆ ಕೊಟ್ಟ ಉಜ್ಜಪ್ಪನ ಕೈ ಎದುರಿಗೇ ಇತ್ತು, ಸುಣ್ಣ ಅಂಟಿದ ಹೆಬ್ಬೆರಳು ಹಾಗೇ ಎತ್ತಿಕೊಂಡಿತ್ತು. ಆ ಚೊಂಬನ್ನು ನಾನು ಆಮೇಲೆ ಮುಟ್ಟಲಿಲ್ಲ.

ಬಂದು ಕೂತು, ತಕ್ಕಡಿಯಲ್ಲಿ ಮೊಳೆ ತೂಗುವವರ ದನಿಯಲ್ಲಿ ಮಾತಾಡಿದರು. ದೀವಟಿಗೆ ತೆಗೆದು ಜ್ಯೋತಿ ಎಂದು ಹಾಕಬೇಕು. ಮೇಷ್ಟ್ರು ಹೇಳಿದ ಸಂಸ್ಕೃತ ಬೇಕಾದರೆ ಕೆಳಗೆ ಬರಲಿ. ಇನ್ನು ಮುಂದೆ ಹೆಣದ ಮುಂದೆ ಹೋಗಕೂಡದು. ಒಂದೊಂದಕ್ಕೂ ಉಜ್ಜಪ್ಪ ತಲೆಯಾಡಿಸಿದರು.

"ಆತು ಬಿಡ್ರಿ. ಜ್ಯೋತಿ ಅಂತ್ಲೇ ಹಾಕ್ರಿ ಮೇಷ್ಟ್ರೇ."

ನಾನು ಅಳಿಸಲು ಕೈ ಇಟ್ಟಿದ್ದೆ. ಅದುವರೆಗೂ ಮಾತಾಡದ ಪವಿತ್ರ ಬಾಯಿ ತೆರೆದಳು.

"ಹೋದ ಆಷಾಢದಾಗೆ ನಿಮ್ಮ ಅವ್ವಾರ್ನ ನಿಮ್ಮ ಹೊಲಕ್ಕೆ ಮಣ್ಣಿಗೆ ತಂದ್ರಲ್ಲ ಮಾವಾರೆ. ಕರೆಂಟ್ ಇರ್ಲಿಲ್ಲ. ಮುಂದೆ ದೀವಟಿಗೆ ಹಿಡಿದೋರು ಯಾರು, ಗೊತ್ತಾ?"

ಪರಮಶಿವಪ್ಪನವರ ಹುಟ್ಟೂರು ತೊಗರ್ಸಿಯ ಮಗ್ಗುಲಿನ ಹಳ್ಳಿ. ಅವರು ನೆನಪು ಮಾಡಿಕೊಂಡರು. "ಯಾರೋ ಒಬ್ಬ ಇದ್ದ. ಬೆನ್ನು ಕಂಡಿದ್ದೆ."

"ಆ ಬೆನ್ನು ಇದೇ."

ಉಜ್ಜಪ್ಪ ಮಗಳ ತೋಳು ಹಿಡಿದು ಸುಮ್ಮನಿರಲು ಹೇಳಿದರು. ಬೀಗರಿಗೆ ಅದು ಮೊದಲೇ ತಿಳಿದಿದೆ, ಆ ಋಣಕ್ಕೇ ಸಂಬಂಧ ಬೆಳೆಸಲು ಬಂದಿದ್ದಾರೆ ಎಂದೇ ಅವರು ನಂಬಿದ್ದರಂತೆ. ಪರಮಶಿವಪ್ಪನವರ ಮುಖದಲ್ಲಿ ನಾಚಿಕೆ ಹುಡುಕಿದೆ. ಸಿಕ್ಕಲಿಲ್ಲ.

"ಅಲ್ಲ ತಂಗಿ, ಕೆಲಸಕ್ಕೆ ಕರೆಸೋದು ಬೇರೆ, ಬೀಗತನ ಬೇರೆ ಅಲ್ವಾ?"

ಗುರುಪ್ರಕಾಶ್ ಹೌದೆಂಬಂತೆ ಗೋಣಾಡಿಸುತ್ತ ಮೊಬೈಲ್ ನೋಡುತ್ತಿದ್ದ. ಪವಿತ್ರ ತನ್ನ ಫೋನು ಹಿಡಿದು ಹೊರಗೆ ಹೋದಳು. ಸಿದ್ಧಲಿಂಗೇಶನಿಗೆ ಎಲ್ಲವನ್ನೂ ಹೇಳುವುದು ಕಿಟಕಿಯಲ್ಲಿ ಕೇಳಿಸಿತು. ಬಾಯಿ ತೊಳೆದದ್ದನ್ನೂ ಹೇಳಿದಳು. ನಂತರ ಬಹಳ ಹೊತ್ತು ಕೇಳುತ್ತ ನಿಂತಳು. ಒಳಗೆ ಬಂದವಳು ಅಪ್ಪನ ಮುಂದೆ ನಿಂತಳು.

"ಅವ್ರು 'ನಮ್ಮಪ್ಪ ಏನಂತಾರೋ ಹಂಗೆ ಮಾಡು' ಅಂದ್ರು." ಆಮೇಲೆ ನನಗೆ, "ಮೇಷ್ಟ್ರೇ, ಪತ್ರಿಕೆ ಬ್ಯಾಡ."

ಪರಮಶಿವಪ್ಪ ಹೆಣ್ಣಿನ ಬಾಯಿಯ ಬಗ್ಗೆ ಏನೋ ಹೇಳಿ ಮಗನೊಂದಿಗೆ ಕಾರು ಹತ್ತಿದರು. ಉಜ್ಜಪ್ಪ ಕೂಡಲೇ ಏಳಲಿಲ್ಲ. ಉಳಿದ ಎಲೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು, ಹೆಬ್ಬೆರಳ ಸುಣ್ಣವನ್ನು ಬೆಂಚಿನ ಕೆಳಗೆ ಒರೆಸಿ, ಕೊಳೆ ಮಾಡಿದೆ ಎಂದು ನನ್ನ ಕ್ಷಮೆ ಕೇಳಿದರು. ಆ ಮನುಷ್ಯನ ಹೆಸರಿಗೆ ಸಂಸ್ಕೃತದ ಮೆರುಗು ಹಚ್ಚಿ ತೂಕಕ್ಕಿಟ್ಟವನು ನಾನೇ ಅನಿಸಿ ನನ್ನ ಮೇಲೂ ಅಸಹ್ಯವಾಯಿತು.

ಆ ಸಂಬಂಧ ಅಲ್ಲಿಗೇ ಮುರಿಯಿತು, ಅಷ್ಟು ಕೇಳಿಬಲ್ಲೆ. ಉಜ್ಜಪ್ಪನಿಗೆ ಮಗಳ ಮೇಲೆ ಸಿಟ್ಟು ಬಂತೋ, ಎದೆ ಹಗುರವಾಯಿತೋ, ಈಗಲೂ ಹೆಣದ ಮುಂದೆ ನಡೆಯುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ. ದೀವಟಿಗೆಯ ಬಾಲಕ್ಕಿರುವ ಆ 'ಟಿಗೆ' ನಿಜಕ್ಕೂ ಬತ್ತಿಯಿಂದಲೇ ಬಂದದ್ದೋ, ಅದೂ ಗೊತ್ತಿಲ್ಲ.